ಯಾರ ಹಾಡಿದು? ರಾಕ್ ಸಂಗೀತದ ಋಣ ಮತ್ತು ಅನುಕರಣೆ

ಕಳೆದ ವರ್ಷ ನನ್ನ ಸಂಶೋಧನಾ ಪ್ರಬಂಧದ ಮೊದಲ ಅಧ್ಯಾಯವನ್ನು ಗೈಡ್‌ಗೆ ಕೊಟ್ಟಿದ್ದೆ. ಎರಡು ವಾರ ಬಿಟ್ಟು ಕರೆದು, ಪುಟಗಳನ್ನು ಮೇಜಿನ ಮೇಲಿಟ್ಟು, "ಚೆನ್ನಾಗಿದೆ. ಡಿ.ಆರ್. ನಾಗರಾಜ್ ಬರೆದ ಹಾಗೇ ಇದೆ. ತೊಂದರೆ ಇರೋದೂ ಅದೇ" ಎಂದರು. ನಾನು ತಕ್ಷಣ ಸಮರ್ಥನೆಗೆ ಇಳಿದೆ. ಡಿ.ಆರ್. ಅವರಿಂದ ತೆಗೆದುಕೊಂಡ ಒಂದೊಂದು ಮಾತಿಗೂ ಅಡಿಟಿಪ್ಪಣಿ ಕೊಟ್ಟಿದ್ದೇನೆ ಸರ್, ಎಲ್ಲೂ ಕದ್ದಿಲ್ಲ ಎಂದೆ. "ಕದ್ದಿದ್ದೀಯ ಅಂತ ನಾನೆಲ್ಲಿ ಹೇಳಿದೆ? ಹೆಸರು ಹೇಳಿದ್ದೀಯ, ಒಳ್ಳೇದು. ಆದರೆ ಇದರಲ್ಲಿ ನೀನೆಲ್ಲಿದ್ದೀಯ?"

ಆ ಪ್ರಶ್ನೆ ಬಹಳ ದಿನ ಕಾಡಿತು. ಉತ್ತರ ಹುಡುಕುತ್ತಾ ನಾನು ಹೋಗಿದ್ದು ಕಾವ್ಯಮೀಮಾಂಸೆಗಲ್ಲ, ಪಿಯುಸಿ ದಿನಗಳಿಂದ ಇಯರ್‌ಫೋನ್‌ನಲ್ಲಿ ಕೇಳುತ್ತಾ ಬಂದ ರಾಕ್ ಸಂಗೀತಕ್ಕೆ. ಅದಕ್ಕೆ ಕಾರಣವಿದೆ. ಇಷ್ಟು ಬಹಿರಂಗವಾಗಿ ಸಾಲ ಮಾಡಿ, ಇಷ್ಟು ದೊಡ್ಡ ಮನೆ ಕಟ್ಟಿದ, ಸಾಲದ ವಿಚಾರಕ್ಕೆ ಇಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿದ ಕಲಾಪ್ರಕಾರ ಇನ್ನೊಂದು ಇರಲಾರದು. ಪ್ರಭಾವಕ್ಕೆ ಗೌರವ ಸಲ್ಲಿಸುವುದು ಎಂದರೇನು, ಬರಿಯ ಅನುಕರಣೆ ಎಂದರೇನು, ಕಳವು ಎಂದರೇನು ಎಂಬ ಮೂರೂ ಪ್ರಶ್ನೆಗಳು ಅಲ್ಲಿ ಒಟ್ಟೊಟ್ಟಿಗೆ ಎದುರಾಗುತ್ತವೆ.

ರಾಕ್‌ಗಿಂತ ಹಿಂದಿನ ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ. 1941ರ ಬೇಸಿಗೆಯಲ್ಲಿ ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸ್ಟೋವಾಲ್ ಎಂಬ ಹತ್ತಿ ತೋಟಕ್ಕೆ ಧ್ವನಿಮುದ್ರಣ ಯಂತ್ರ ಹೊತ್ತು ಹೋದರು. ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಕಪ್ಪು ತರುಣ ಒಂದು ಬ್ಲೂಸ್ ಹಾಡಿದ. ಮುಂದೆ ಮಡ್ಡಿ ವಾಟರ್ಸ್ ಎಂದು ಲೋಕಪ್ರಸಿದ್ಧನಾದವನು ಇವನೇ. ಹಾಡು ಮುಗಿದ ಮೇಲೆ ಲೋಮ್ಯಾಕ್ಸ್, ಇದನ್ನು ಯಾವಾಗ ಕಟ್ಟಿದೆ ಎಂದು ಕೇಳುತ್ತಾರೆ. 1938ರಲ್ಲಿ, ಕಾರಿನ ಪಂಕ್ಚರ್ ಹಾಕುತ್ತಿದ್ದಾಗ ನಾನೇ ಕಟ್ಟಿದ್ದು ಎನ್ನುತ್ತಾನೆ ಅವನು. ಮಾತು ಮುಂದುವರಿದಂತೆ, ಈ ಹಾಡು ಹತ್ತಿ ಹೊಲದಿಂದ ಬಂದದ್ದು, ರಾಬರ್ಟ್ ಜಾನ್ಸನ್ ಎಂಬವನೂ ಇದನ್ನು ರೆಕಾರ್ಡ್ ಮಾಡಿದ್ದಾನೆ ಎನ್ನುತ್ತಾನೆ. ಕೊನೆಗೆ, ಆ ರೆಕಾರ್ಡ್ ಕೇಳುವ ಮೊದಲೇ ಈ ಧಾಟಿ ನನಗೆ ಗೊತ್ತಿತ್ತು, ಸನ್ ಹೌಸ್ ಅವರಿಂದ ಕಲಿತೆ ಎಂದು ತನಗೆ ಕಲಿಸಿದವರ ಹೆಸರು ಹೇಳುತ್ತಾನೆ.

ಒಂದೇ ಹಾಡಿಗೆ ಮೂರು ಉತ್ತರ. ಇದು ನನ್ನದು, ಇದು ನಮ್ಮೆಲ್ಲರದು, ಇದು ಅವರದು. ವಕೀಲರಿಗೆ ಇದರಲ್ಲಿ ವಿರೋಧಾಭಾಸ ಕಾಣಬಹುದು. ನನಗೆ ಮೂರೂ ನಿಜವೆನಿಸುತ್ತವೆ. ಮೂರನ್ನೂ ಒಟ್ಟಿಗೆ ಹೇಳುವ ಯೋಗ್ಯತೆ ಸಂಪಾದಿಸುವುದೇ ಪ್ರಭಾವಕ್ಕೆ ಸಲ್ಲಿಸುವ ಗೌರವ. 'ನನ್ನದು' ಎಂದಷ್ಟೇ ಹೇಳುವವನು ಕಳ್ಳ. 'ಅವರದು' ಎಂದಷ್ಟೇ ಹೇಳಬಲ್ಲವನು ಅನುಕರಣಕಾರ. ನನ್ನ ಮೊದಲ ಅಧ್ಯಾಯ ಸೇರಿದ್ದು ಈ ಎರಡನೆಯ ಪಂಗಡಕ್ಕೆ. ಇನ್ನು 'ನಮ್ಮೆಲ್ಲರದು' ಎಂಬ ಮಾತನ್ನಷ್ಟೇ ಹಿಡಿದು ನಿಂತವರ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಅದು ಪರಂಪರೆಯ ವಿನಯವೂ ಆಗಬಹುದು, ಸಾಲ ತಪ್ಪಿಸಿಕೊಳ್ಳುವ ಉಪಾಯವೂ ಆಗಬಹುದು.

ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೋಗೆ ಹೋದ. ನಗರದ ಗದ್ದಲದಲ್ಲಿ ಹಳ್ಳಿಯ ಗಿಟಾರ್ ಕೇಳಿಸದಾದಾಗ ಅದಕ್ಕೆ ವಿದ್ಯುತ್ ಜೋಡಿಸಿದ. ಆ ರೆಕಾರ್ಡುಗಳು ಕಡಲು ದಾಟಿ ಇಂಗ್ಲೆಂಡಿನ ಹುಡುಗರ ಕೈಸೇರಿದವು. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ತನ್ನ ಬಾಲ್ಯದ ಪರಿಚಯದ ಮಿಕ್ ಜಾಗರ್‌ನನ್ನು ಮತ್ತೆ ಮಾತಾಡಿಸಲು ಕಾರಣವಾದದ್ದು ಜಾಗರ್ ಕೈಯಲ್ಲಿದ್ದ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ರೆಕಾರ್ಡುಗಳು. ಮರುವರ್ಷ ಅವರ ತಂಡಕ್ಕೆ ಹೆಸರು ಬೇಕಾದಾಗ ಸಿಕ್ಕಿದ್ದೂ ಮಡ್ಡಿಯ ಒಂದು ಹಾಡಿನಿಂದಲೇ: ರೋಲಿಂಗ್ ಸ್ಟೋನ್ಸ್.

ಹೆಸರಿನಲ್ಲೇ ಸಾಲಪತ್ರ ಬರೆದುಕೊಂಡ ತಂಡವಿದು. ಕನ್ನಡ ಓದುಗರಿಗೆ ಇದು ತೀರಾ ಹೊಸದಲ್ಲ. ಗದುಗಿನ ನಾರಣಪ್ಪ ತನ್ನನ್ನು 'ಕುಮಾರವ್ಯಾಸ', ಅಂದರೆ ವ್ಯಾಸನ ಮಗ, ಎಂದು ಕರೆದುಕೊಂಡ. ಅದೇ ಕವಿ ತನ್ನ ಕಾವ್ಯದ ಪೀಠಿಕೆಯಲ್ಲಿ, ಪರರ ರೀತಿಯನ್ನು ತೆಗೆದುಕೊಳ್ಳದಿರುವುದೇ ತನ್ನ ಅಗ್ಗಳಿಕೆ ಎಂದೂ ಹೇಳಿಕೊಳ್ಳುತ್ತಾನೆ. ಬರೆದದ್ದು ವೀರನಾರಾಯಣ, ತಾನು ಲಿಪಿಕಾರ ಮಾತ್ರ ಎಂದೂ ಸೇರಿಸುತ್ತಾನೆ. ತಂದೆಯ ಹೆಸರು ಹೊತ್ತವನು, ಯಾರ ರೀತಿಯನ್ನೂ ಪಡೆಯದವನು, ಬರಿಯ ಲಿಪಿಕಾರ. ಮಡ್ಡಿ ವಾಟರ್ಸ್‌ನ ಮೂರು ಉತ್ತರಗಳನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದದ್ದು ಇದೇ. ಮಗ ಎಂದು ಕರೆದುಕೊಳ್ಳುವುದಕ್ಕೂ ಪ್ರತಿ ಎನಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮಗನಿಗೆ ತಂದೆಯ ಮುಖದ ಛಾಯೆ ಇರುತ್ತದೆ, ಬದುಕು ಬೇರೆಯದೇ ಇರುತ್ತದೆ.

ಸ್ಟೋನ್ಸ್ ಆರಂಭದಲ್ಲಿ ಪ್ರತಿಯೇ ಆಗಿದ್ದರು. 1964ರ ಅವರ ಮೊದಲ ಆಲ್ಬಂನ ಹೆಚ್ಚಿನ ಹಾಡುಗಳು ಅಮೆರಿಕದ ಕಪ್ಪು ಸಂಗೀತಗಾರರವು. ಆದರೆ ಅವರು ಹೆಸರು ಹೇಳುವುದನ್ನು ಮರೆಯಲಿಲ್ಲ. 1965ರ ಮೇ ತಿಂಗಳಲ್ಲಿ 'ಶಿಂಡಿಗ್' ಎಂಬ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮಕ್ಕೆ ಆಹ್ವಾನ ಬಂದಾಗ, ತಮ್ಮೊಂದಿಗೆ ಹೌಲಿನ್ ವುಲ್ಫ್ ಕೂಡ ಹಾಡಬೇಕೆಂದು ಪಟ್ಟು ಹಿಡಿದರು. ಐವತ್ತು ದಾಟಿದ ಆ ದೈತ್ಯದೇಹಿ ಹಾಡುವಾಗ, ಹದಿಹರೆಯದವರ ಆರಾಧ್ಯದೈವಗಳಾಗಿದ್ದ ಈ ಹುಡುಗರು ಅವರ ಕಾಲಬುಡದಲ್ಲಿ ಕೂತು ಕೇಳಿದರು. ಅಮೆರಿಕಕ್ಕೆ ಅಮೆರಿಕದ್ದೇ ಕಲಾವಿದನನ್ನು ಪರಿಚಯಿಸಲು ಇಂಗ್ಲೆಂಡಿನ ಬಿಳಿ ಹುಡುಗರು ಬೇಕಾದರು ಎಂಬುದರಲ್ಲಿ ವರ್ಣಭೇದದ ಕಹಿ ಇತಿಹಾಸವೇ ಇದೆ. ರಾಕ್‌ನಲ್ಲಿ ಋಣದ ಪ್ರಶ್ನೆ ಬರಿಯ ಸೌಂದರ್ಯದ ಪ್ರಶ್ನೆಯಾಗಿ ಉಳಿಯದಿರಲು ಕಾರಣವೂ ಅದೇ. ಒಂದು ಕಡೆ ಹಾಡು ಕಟ್ಟಿ ಬಡವರಾಗಿಯೇ ಉಳಿದವರಿದ್ದರು, ಇನ್ನೊಂದು ಕಡೆ ಅದೇ ಹಾಡು ಹಾಡಿ ಶ್ರೀಮಂತರಾದವರಿದ್ದರು. ಹೆಸರು ಹೇಳುವುದೆಂದರೆ ಅಲ್ಲಿ ಸೌಜನ್ಯ ಮಾತ್ರವಲ್ಲ, ರಾಯಧನದ ಪಾಲು ಕೂಡ.

ಈ ಪ್ರಶ್ನೆಯ ಎರಡೂ ಮುಖಗಳನ್ನು ಒಂದೇ ತಂಡದಲ್ಲಿ ನೋಡಬೇಕೆಂದರೆ ಲೆಡ್ ಝೆಪ್ಪೆಲಿನ್ ಕಡೆ ಹೋಗಬೇಕು. ಅವರ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು 1969ರ 'ಹೋಲ್ ಲಾಟ ಲವ್'. ಜಿಮ್ಮಿ ಪೇಜ್‌ನ ಆ ಗಿಟಾರ್ ರಿಫ್ ರಾಕ್ ಕೇಳದವರಿಗೂ ಗೊತ್ತು. ನಡುವೆ ವಾದ್ಯಗಳೆಲ್ಲ ಕರಗಿ, ಸದ್ದುಗಳು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸುಳಿದಾಡುವ ಭಾಗವಂತೂ ಬ್ಲೂಸ್‌ನಲ್ಲಿ ಯಾರೂ ಕೇಳಿರದಂಥದ್ದು. ಸೃಷ್ಟಿಯ ದೃಷ್ಟಿಯಿಂದ ಇದು ಖಂಡಿತ ಅನುಕರಣೆಯಲ್ಲ. ಆದರೆ ಅದರ ಸಾಹಿತ್ಯದ ಬಹುಪಾಲು ವಿಲ್ಲಿ ಡಿಕ್ಸನ್ ಬರೆದು 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ್ದ 'ಯೂ ನೀಡ್ ಲವ್'ನಿಂದ ಬಂದದ್ದು. ಆಲ್ಬಂನಲ್ಲಿ ಡಿಕ್ಸನ್ ಹೆಸರಿರಲಿಲ್ಲ. 1985ರಲ್ಲಿ ಡಿಕ್ಸನ್ ಮೊಕದ್ದಮೆ ಹೂಡಿದರು, 1987ರಲ್ಲಿ ಅದು ಕೋರ್ಟಿನ ಹೊರಗೆ ರಾಜಿಯಲ್ಲಿ ಮುಗಿಯಿತು, ನಂತರ ಅವರ ಹೆಸರು ಸೇರಿತು.

ಝೆಪ್ಪೆಲಿನ್ ಅಭಿಮಾನಿಗಳು ಇಲ್ಲಿ ಸಾಮಾನ್ಯವಾಗಿ ಹೇಳುವ ಮಾತೊಂದಿದೆ. ಬ್ಲೂಸ್‌ನಲ್ಲಿ ಯಾರದು ಯಾರಿಂದ ಬಂತೆಂದು ಯಾರು ಬಲ್ಲರು, ಸಾಲುಗಳು ಬಾಯಿಂದ ಬಾಯಿಗೆ ತೇಲಿ ಬಂದವಲ್ಲವೇ, ಮಡ್ಡಿಯೇ ಹಾಗೆ ಹೇಳಿಲ್ಲವೇ ಎಂದು. ನಾನೂ ಒಂದು ಕಾಲದಲ್ಲಿ ಹಾಸ್ಟೆಲ್ ಗೆಳೆಯರೊಂದಿಗೆ ಹೀಗೇ ವಾದಿಸಿದ್ದೇನೆ. ಈಗ ಒಪ್ಪಲಾರೆ. ಡಿಕ್ಸನ್ ಅಜ್ಞಾತ ಜನಪದ ಕವಿಯಲ್ಲ. ಶಿಕಾಗೋದ ಚೆಸ್ ಕಂಪನಿಗಾಗಿ ಹಾಡು ಬರೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದವರು. ಅವರ ಹಾಡಿಗೆ ಆಗ ಏಳೇ ವರ್ಷ ವಯಸ್ಸು. ಬದುಕಿದ್ದವರೊಬ್ಬರ ಕೃತಿಯನ್ನು 'ನಮ್ಮೆಲ್ಲರದು' ಎಂದು ಹೇಳಿ 'ನನ್ನದು' ಎಂದು ನೋಂದಾಯಿಸಿಕೊಳ್ಳುವುದು ಪರಂಪರೆಯ ಹೆಸರಿನಲ್ಲಿ ಮಾಡುವ ಒತ್ತುವರಿ. ಕೆರೆ ಊರಿನದು ಎನ್ನುತ್ತಲೇ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡ ಹಾಗೆ.

ಎರಡನೆಯ ಹಾಡು 1971ರ ನಾಲ್ಕನೆಯ ಆಲ್ಬಂನ ಕೊನೆಯಲ್ಲಿ ಬರುವ 'ವೆನ್ ದ ಲೆವೀ ಬ್ರೇಕ್ಸ್'. ಇದರ ಮೂಲ 1929ರದು. ಕಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ಎಂಬ ದಂಪತಿ ಅದನ್ನು ಧ್ವನಿಮುದ್ರಿಸಿದರು. ಎರಡು ವರ್ಷ ಹಿಂದೆ, 1927ರಲ್ಲಿ, ಮಿಸಿಸಿಪ್ಪಿ ನದಿಯ ಒಡ್ಡುಗಳು ಒಡೆದು ಲಕ್ಷಾಂತರ ಜನ ಮನೆ ಕಳೆದುಕೊಂಡಿದ್ದರು. ಒಡ್ಡು ಕಾಯುವ, ಮಣ್ಣು ಹೊರುವ ಕೆಲಸಕ್ಕೆ ಕಪ್ಪು ಜನರನ್ನು ಬಲವಂತವಾಗಿ ಹಚ್ಚಲಾಗಿತ್ತು. ಮೂಲ ಹಾಡು ಕೇಳಿದರೆ ಅಚ್ಚರಿಯಾಗುತ್ತದೆ. ಇಷ್ಟು ದೊಡ್ಡ ದುರಂತದ ಹಾಡು ಹಗುರ ನಡಿಗೆಯಲ್ಲಿ ಸಾಗುತ್ತದೆ. ಎರಡು ಗಿಟಾರ್ ಒಂದರ ಹಿಂದೊಂದು ಚುರುಕಾಗಿ ಹೆಜ್ಜೆ ಹಾಕುತ್ತವೆ, ಜೋನ ದನಿ ಸಂತೆಯಲ್ಲಿ ಸುದ್ದಿ ಹೇಳುವವನಷ್ಟು ಸಮಾಧಾನದ್ದು. ಕಷ್ಟ ನಿತ್ಯದ್ದಾದವರು ಕಷ್ಟವನ್ನು ಹೇಳುವ ರೀತಿ ಅದು.

ಝೆಪ್ಪೆಲಿನ್ ಇದನ್ನು ಸುಮಾರು ಏಳು ನಿಮಿಷಕ್ಕೆ ಹಿಗ್ಗಿಸಿದರು. ಹಿಂದೊಮ್ಮೆ ಬಡವರ ಆಶ್ರಯಧಾಮವಾಗಿದ್ದ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ, ಮೆಟ್ಟಿಲುಗಳ ಬುಡದ ಹಜಾರದಲ್ಲಿ ಜಾನ್ ಬೊನಮ್‌ನ ಡ್ರಮ್ಸ್ ಇಟ್ಟು, ಮೇಲಿನಿಂದ ಎರಡು ಮೈಕು ಇಳಿಬಿಟ್ಟರು. ಡ್ರಮ್ಮಿನ ಜೊತೆಗೆ ಕಟ್ಟಡದ ಮಾರ್ದನಿಯೂ ಮುದ್ರಣವಾಯಿತು. ನುಡಿಸಿದ ವೇಗವನ್ನು ಆಮೇಲೆ ಟೇಪಿನಲ್ಲಿ ತಗ್ಗಿಸಿ ಸದ್ದನ್ನು ಇನ್ನಷ್ಟು ಭಾರ ಮಾಡಿದರು. ಹಾರ್ಮೋನಿಕಾದ ಪ್ರತಿಧ್ವನಿಯನ್ನು ಹಿಂದುಮುಂದಾಗಿಸಿದರು.

ಇದರಿಂದ ಆದದ್ದೇನು? ನನ್ನ ಓದು ಹೀಗಿದೆ. ಮಿಸಿಸಿಪ್ಪಿಯ ಪ್ರವಾಹವನ್ನು ಕಾಣದ ನಾಲ್ವರು ಇಂಗ್ಲಿಷ್ ತರುಣರು ಜೋ ಮತ್ತು ಮಿನ್ನಿಯ ದನಿಯಲ್ಲಿ ಹಾಡಿದ್ದರೆ ಅದು ವೇಷವಾಗುತ್ತಿತ್ತು. ಸಂತ್ರಸ್ತರ ಆ ಸಮಾಧಾನ ಅವರಿಗೆ ದಕ್ಕುವಂಥದ್ದಾಗಿರಲಿಲ್ಲ. ಆದ್ದರಿಂದ ಅವರ ಹಾಡಿನಲ್ಲಿ ಮುಖ್ಯವಾಗಿ ಕೇಳುವುದು ಸಂತ್ರಸ್ತರ ದನಿಯಲ್ಲ, ನೀರಿನ ದನಿ. ಬೊನಮ್‌ನ ಡ್ರಮ್ಸ್ ಒಡ್ಡಿಗೆ ಬಡಿಯುವ ನದಿಯಂತೆ ಒಂದೇ ಗತಿಯಲ್ಲಿ ಬಡಿಯುತ್ತಲೇ ಇರುತ್ತದೆ, ಯಾರ ಅಳಲನ್ನೂ ಅದು ಕೇಳಿಸಿಕೊಳ್ಳುವುದಿಲ್ಲ. ರಾಬರ್ಟ್ ಪ್ಲಾಂಟ್‌ನ ಕಂಠ ಆ ಸದ್ದಿನಲ್ಲಿ ಮುಳುಗುತ್ತ ಏಳುತ್ತ ಸಾಗುತ್ತದೆ. ಮೂಲದಲ್ಲಿ ಹಿನ್ನೆಲೆಯಾಗಿದ್ದ ನದಿ ಇಲ್ಲಿ ಮುನ್ನೆಲೆಗೆ ಬಂದಿದೆ. ಮೂಲ ಹಾಡು ಹೇಳದೆ ಬಿಟ್ಟ ಜಾಗವೊಂದನ್ನು ಹುಡುಕಿ, ಅಲ್ಲಿ ನಿಂತು ಅವರು ಹಾಡಿದ್ದಾರೆ. ಈ ಹಾಡು ಕೇಳಿದ ಮೇಲೆ 1929ರ ಮುದ್ರಣಕ್ಕೆ ಮರಳಿದರೆ, ಅದರ ಹಗುರ ನಡಿಗೆಯ ಹಿಂದಿರುವ ಧೈರ್ಯ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ. ಒಳ್ಳೆಯ ಋಣಸಂದಾಯದ ಗುರುತು ಇದೇ ಇರಬೇಕು: ಅದು ಮೂಲವನ್ನು ಅನಗತ್ಯವಾಗಿಸುವುದಿಲ್ಲ, ಇನ್ನೊಮ್ಮೆ ಕೇಳುವಂತೆ ಮಾಡುತ್ತದೆ.

ಇಲ್ಲಿ ಹೆಸರೂ ಇದೆ. ನಾಲ್ವರ ಹೆಸರಿನೊಂದಿಗೆ ಮೆಂಫಿಸ್ ಮಿನ್ನಿಯ ಹೆಸರನ್ನೂ ಅಚ್ಚು ಮಾಡಿದ್ದಾರೆ. ಪಾರ್ಶ್ವವಾಯು ಬಡಿದು ಮೆಂಫಿಸ್‌ನಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದ ಮಿನ್ನಿ 1973ರಲ್ಲಿ ತೀರಿಕೊಂಡರು. ಆದರೆ 1929ರಲ್ಲಿ ಆ ಹಾಡಿಗೆ ಕಂಠ ಕೊಟ್ಟ ಕಾನ್ಸಸ್ ಜೋನ ಹೆಸರು ಅಲ್ಲಿ ಇಲ್ಲ. ಅಂದರೆ ಅತ್ಯುತ್ತಮ ಉದಾಹರಣೆಯಲ್ಲೂ ಲೆಕ್ಕ ಪೂರ್ತಿ ಚುಕ್ತಾ ಆಗಿಲ್ಲ. 1986ರಲ್ಲಿ ಬೀಸ್ಟಿ ಬಾಯ್ಸ್ ಎಂಬ ಹಿಪ್‌ಹಾಪ್ ತಂಡ ಬೊನಮ್‌ನ ಇದೇ ಡ್ರಮ್ಸನ್ನು ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಂಡಿತು. ಆ ಹಾಡಿನ ಶೀರ್ಷಿಕೆಯಲ್ಲೇ ಪ್ರಾಸ ಕಟ್ಟುವುದು ಮತ್ತು ಕದಿಯುವುದು ಎರಡೂ ಇವೆ. ಸಾಲಗಾರನ ಮನೆಗೂ ಸಾಲ ಕೇಳುವವರು ಬರುತ್ತಾರೆ.

ಇನ್ನು ಹೆಸರು ಕದಿಯದ, ಸಾಹಿತ್ಯವನ್ನೂ ಕದಿಯದ, ಆದರೂ ಮನಸ್ಸಿಗೆ ತಟ್ಟದ ಬಗೆಯೊಂದಿದೆ. ಮಿಶಿಗನ್‌ನ ಗ್ರೇಟಾ ವ್ಯಾನ್ ಫ್ಲೀಟ್ ತಂಡದ ಹಾಡುಗಳು ಅವರವೇ. ಅವರಿಗೆ 2019ರಲ್ಲಿ ರಾಕ್ ಆಲ್ಬಂ ವಿಭಾಗದ ಗ್ರ್ಯಾಮಿಯೂ ಬಂತು. ಆದರೆ ಅವರ ಆರಂಭದ ಹಾಡುಗಳನ್ನು ಕಣ್ಣು ಮುಚ್ಚಿ ಕೇಳಿದರೆ 1970ರ ಝೆಪ್ಪೆಲಿನ್ನೇ ಹಾಡುತ್ತಿದೆ ಎನಿಸುತ್ತದೆ. ಕೀರಲು, ರಿಫ್, ಉಸಿರು ಬಿಗಿಹಿಡಿಯುವ ಜಾಗ ಕೂಡ ಅದೇ. ತರುಣರ ಪ್ರತಿಭೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಝೆಪ್ಪೆಲಿನ್‌ನಿಂದ ಅವರು ತೆಗೆದುಕೊಂಡದ್ದು ಉತ್ತರಗಳನ್ನು, ಪ್ರಶ್ನೆಗಳನ್ನಲ್ಲ. ಬೊನಮ್‌ನ ಡ್ರಮ್ಸ್ ಹಾಗೆ ಕೇಳಿಸಿದ್ದು ಒಂದು ಹಾಡು ಅದನ್ನು ಬೇಡಿದ್ದರಿಂದ. ಬೇಡಿಕೆಯಿಲ್ಲದೆ ಆ ಸದ್ದು ಮಾತ್ರ ಬಂದರೆ ಅದು ಶೈಲಿಯ ಅಂಗಡಿಯಾಗುತ್ತದೆ. ಇದನ್ನು ಬರೆಯುವಾಗ ನನ್ನ ಆ ಅಧ್ಯಾಯವೇ ಕಣ್ಣೆದುರು ಬರುತ್ತದೆ. ಡಿ.ಆರ್. ಅವರ ಆ ಥಟ್ಟನೆ ತಿರುಗುವ ವಾಕ್ಯ, ತಕರಾರು ತೆಗೆದು ಮುಂದೆ ಸಾಗುವ ರೀತಿ ಎಲ್ಲವನ್ನೂ ನಾನು ತಂದಿದ್ದೆ. ಅವರಿಗೆ ಆ ವಾಕ್ಯ ಬೇಕಾಗಿ ಬಂದ ಸಂಕಟ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಸಂಕಟ ಸ್ವಂತದ್ದಾದಾಗ ಏನಾಗುತ್ತದೆ ಎಂಬುದಕ್ಕೆ ನಿರ್ವಾಣ ತಂಡದ ಒಂದು ಸಂಜೆ ಸಾಕ್ಷಿ. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಎಂಟಿವಿಗಾಗಿ ನಡೆದ 'ಅನ್‌ಪ್ಲಗ್ಡ್' ಕಛೇರಿಯಲ್ಲಿ ಕರ್ಟ್ ಕೋಬೇನ್ ತನ್ನ ಅತಿ ಪ್ರಸಿದ್ಧ ಹಾಡನ್ನು ಹಾಡಲೇ ಇಲ್ಲ. ಬದಲಿಗೆ ತನಗೆ ಪ್ರಿಯರಾದವರ ಹಾಡುಗಳನ್ನು ಎತ್ತಿಕೊಂಡ. ಹೆಚ್ಚು ಜನಕ್ಕೆ ಗೊತ್ತಿರದ ಮೀಟ್ ಪಪೆಟ್ಸ್ ತಂಡದ ಕರ್ಕ್‌ವುಡ್ ಸೋದರರನ್ನು ವೇದಿಕೆಗೇ ಕರೆದು ಅವರ ಮೂರು ಹಾಡುಗಳನ್ನು ಅವರ ಜೊತೆಗೇ ಹಾಡಿದ. ಕೊನೆಗೆ, ತನ್ನ ಅತ್ಯಂತ ಮೆಚ್ಚಿನ ಕಲಾವಿದ ಎಂದು ಲೆಡ್‌ಬೆಲ್ಲಿಯ ಹೆಸರು ಹೇಳಿದ. ಲೆಡ್‌ಬೆಲ್ಲಿಯ ಗಿಟಾರನ್ನು ಐದು ಲಕ್ಷ ಡಾಲರಿಗೆ ಮಾರಲು ಯಾರೋ ಬಂದಿದ್ದರೆಂದು ತಮಾಷೆ ಮಾಡಿ, ಹಾಡು ಶುರು ಮಾಡಿದ.

ಆ ಹಾಡು ಲೆಡ್‌ಬೆಲ್ಲಿಗಿಂತಲೂ ಹಳೆಯದು. ಅಪ್ಪಲೇಚಿಯನ್ ಬೆಟ್ಟಸೀಮೆಯ ಜನಪದ ಗೀತೆ. ಲೆಡ್‌ಬೆಲ್ಲಿ ಅದನ್ನು ಕತೆ ಹೇಳುವ ಗಟ್ಟಿ ದನಿಯಲ್ಲಿ ಹಾಡುತ್ತಾನೆ. ಕೋಬೇನ್ ಬಹುದೂರ ಅವನ ನೆರಳಿನಲ್ಲೇ ನಡೆಯುತ್ತಾನೆ. ಕೊನೆಯ ಚರಣಕ್ಕೆ ಬಂದಾಗ ದನಿಯನ್ನು ಒಂದು ಸ್ಥಾಯಿ ಮೇಲೆತ್ತುತ್ತಾನೆ. ಗಂಟಲು ಹರಿಯುವಂತೆ ಕೂಗುತ್ತಾನೆ. ಮುಗಿಸುವ ಮುನ್ನ ಒಂದು ಕ್ಷಣ ನಿಂತು, ಕಣ್ಣು ತೆರೆದು, ಉಸಿರೆಳೆದುಕೊಳ್ಳುತ್ತಾನೆ. ಲೆಡ್‌ಬೆಲ್ಲಿ ಹೋಗದ ಜಾಗ ಅದು. ಆದರೆ ಲೆಡ್‌ಬೆಲ್ಲಿಯ ಕೈ ಹಿಡಿದು ನಡೆಯದಿದ್ದರೆ ಕೋಬೇನ್ ಅಲ್ಲಿಗೆ ತಲುಪುತ್ತಿರಲಿಲ್ಲ. ಐದು ಲಕ್ಷ ಡಾಲರಿನ ಗಿಟಾರ್ ಕೊಂಡರೂ ಬಾರದ ವಾರಸುದಾರಿಕೆ ಆ ಒಂದು ಚರಣದಲ್ಲಿ ಅವನದಾಯಿತು. ನನ್ನದು, ನಮ್ಮೆಲ್ಲರದು, ಅವರದು, ಮೂರೂ.

ನಮ್ಮ ಕಡೆ ಈ ಹೆಸರು ಹೇಳುವ ಕೆಲಸಕ್ಕೆ ಹಾಡಿನ ಒಳಗೇ ಒಂದು ಜಾಗ ಇದೆ. ಅದು ಅಂಕಿತ. ಷರೀಫರ ತತ್ವಪದವನ್ನು ಯಾರೇ ಹಾಡಲಿ, 'ಶಿಶುನಾಳಧೀಶ' ಬಂದಾಗ ಪದ ಯಾರದೆಂದು ಕೇಳುವ ಅಗತ್ಯ ಉಳಿಯುವುದಿಲ್ಲ. ರಾಕ್‌ನಲ್ಲಿ ಹೆಸರು ರೆಕಾರ್ಡಿನ ಲೇಬಲ್ಲಿನ ಸಣ್ಣಕ್ಷರದಲ್ಲಿರುತ್ತದೆ, ಆದ್ದರಿಂದ ಅಳಿಸುವುದು ಸುಲಭ. ಆದರೆ ಅಂಕಿತ ಇದ್ದ ಮಾತ್ರಕ್ಕೆ ಅನುಕರಣೆ ತಪ್ಪುವುದಿಲ್ಲ. ನಾನು ಓದಿದ ಕಾಲೇಜಿನ ಗಾಯನ ಸ್ಪರ್ಧೆಗಳಲ್ಲಿ ಷರೀಫರ ಪದ ಎತ್ತಿಕೊಂಡವರಲ್ಲಿ ಅರ್ಧ ಜನ ಹಾಡುತ್ತಿದ್ದದ್ದು ಸಿ. ಅಶ್ವಥ್ ಅವರ ಗಂಟಲನ್ನು. 2008ರ ಹೊತ್ತಿಗೆ ರಘು ದೀಕ್ಷಿತ್ 'ಗುಡುಗುಡಿಯ ಸೇದಿ ನೋಡೋ' ಪದವನ್ನು ತಮ್ಮ ತಂಡದ ಗಿಟಾರ್ ಸದ್ದಿನೊಂದಿಗೆ ಹಾಡಿದಾಗ ಕೆಲವರಿಗೆ ಅದು ಅಪಚಾರವೆನಿಸಿತು. ನನಗೆ ಮಾತ್ರ ಅದು, ಅಶ್ವಥ್ ಅವರಿಗೆ ಕೈಮುಗಿದು ಪಕ್ಕಕ್ಕೆ ಸರಿದು, ಷರೀಫರ ಬಳಿ ತಾನೇ ಹೋಗಿ ಕೂತಂತೆ ಕೇಳಿಸಿತು. ಎಲ್ಲರಿಗೂ ಅದು ಇಷ್ಟವಾಗಬೇಕಿಲ್ಲ. ಆದರೆ ಅದರಲ್ಲಿ ಹಾಡುವವನು ಎಲ್ಲಿದ್ದಾನೆ ಎಂದು ಕೇಳಬೇಕಾಗುವುದಿಲ್ಲ.

ಹಾಗಾದರೆ ಅನುಕರಣೆ ಪಾಪವೇ? ಅಲ್ಲ ಎಂದೇ ನನ್ನ ಈಗಿನ ಉತ್ತರ. ಸ್ಟೋನ್ಸ್ ಎರಡು ಮೂರು ವರ್ಷ ಪ್ರತಿ ಮಾಡದಿದ್ದರೆ ಸ್ಟೋನ್ಸ್ ಆಗುತ್ತಿರಲಿಲ್ಲ. ಮಡ್ಡಿಯೂ ಸನ್ ಹೌಸ್‌ನ ಬೆರಳುಗಳನ್ನೇ ದಿಟ್ಟಿಸಿ ಕಲಿತಿರಬೇಕು. ಅನುಕರಣೆ ಶಾಲೆ, ಅಲ್ಲಿಗೆ ಹೋಗಬೇಕು, ಅಲ್ಲೇ ಸಂಸಾರ ಹೂಡಬಾರದು ಅಷ್ಟೆ.

ಮೊದಲ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಅಡಿಟಿಪ್ಪಣಿಗಳು ಒಂದೂ ಕಡಿಮೆಯಾಗಿಲ್ಲ. ಆದರೆ ಡಿ.ಆರ್. ಎಲ್ಲಿ ಮಾತು ನಿಲ್ಲಿಸಿದ್ದಾರೆ ಎಂದು ಹುಡುಕಿ, ಅಲ್ಲಿಂದ ಒಂದೆರಡು ಹೆಜ್ಜೆ ಒಬ್ಬನೇ ನಡೆಯಲು ಪ್ರಯತ್ನಿಸಿದ್ದೇನೆ. ಆ ಪುಟಗಳಲ್ಲಿ ವಾಕ್ಯಗಳು ಮೊದಲಿನಷ್ಟು ಚೆಂದವಿಲ್ಲ, ತಡವರಿಸುತ್ತವೆ. ಮುಂದಿನ ವಾರ ಗೈಡ್‌ಗೆ ಕೊಡಬೇಕು. ಇದು ಯಾರದು ಎಂದು ಅವರು ಕೇಳಿದರೆ ಮೂರು ಉತ್ತರ ಹೇಳಬೇಕೆಂದಿದ್ದೇನೆ. ಮೊದಲನೆಯ ಉತ್ತರ ಹೇಳುವಾಗ ದನಿ ಸ್ವಲ್ಪ ನಡುಗಬಹುದು.